ಹೆಡ್‌ಫೋನ್‌ನಲ್ಲಿ ಕೇಳುವ ಕಾಮೆಂಟರಿ ಲೈವ್‌ನಲ್ಲಿ ಯಾಕೆ ಕೇಳುವುದಿಲ್ಲ?

ಕೊಡಗಿನ ನಾಪೋಕ್ಲುವಿನಿಂದ ಹಾಕಿ ಪಂದ್ಯವನ್ನು ಓಬಿಎಸ್ ಎಂಬ ಲೈವ್ ಸ್ಟ್ರೀಮಿಂಗ್ ಸಾಫ್ಟ್‌ವೇರ್‌ನಲ್ಲಿ ಲೈವ್ ಕೊಡುವಾಗ ಕಾಮೆಂಟರಿ ನಿಮಗೆ ಕೇಳುತ್ತದೆ, ನೋಡುವವರಿಗೆ ಕೇಳುವುದಿಲ್ಲ ಅಂದಿದ್ದೀರಿ. ಹಾಗಾದರೆ ಮೈಕ್, ಕೇಬಲ್ ಎರಡೂ ಸರಿಯಿವೆ. ಸುಮ್ನೆ ಅವನ್ನು ಬಿಚ್ಚಬೇಡಿ.

ಓಬಿಎಸ್‌ನ ಅಡ್ವಾನ್ಸ್‌ಡ್ ಆಡಿಯೊ ಪ್ರಾಪರ್ಟೀಸ್ ತೆರೆಯಿರಿ. ಮೈಕ್ ಎದುರು 'ಮಾನಿಟರ್ ಓನ್ಲಿ' ಇದ್ದರೆ ಶಬ್ದ ನಿಮ್ಮ ಕಿವಿಗೆ ಮಾತ್ರ, ಸ್ಟ್ರೀಮ್‌ಗೆ ಇಲ್ಲ. 'ಮಾನಿಟರ್ ಅಂಡ್ ಔಟ್‌ಪುಟ್' ಆರಿಸಿ. ಅಲ್ಲೇ ಟ್ರ್ಯಾಕ್ 1ಕ್ಕೆ ಟಿಕ್ ಇದೆಯಾ ನೋಡಿ. ಸಾಮಾನ್ಯವಾಗಿ ಸ್ಟ್ರೀಮ್‌ಗೆ ಹೋಗುವುದು ಅದೇ.

ಇದಾದ ಮೇಲೆ ಮಾತು ಎರಡೆರಡು ಸಲ ಕೇಳಿಸಬಹುದು. ಹೆಡ್‌ಫೋನ್‌ಗೆ ಹೋದ ಶಬ್ದವನ್ನೇ 'ಡೆಸ್ಕ್‌ಟಾಪ್ ಆಡಿಯೊ' (ಕಂಪ್ಯೂಟರಿನ ಸದ್ದನ್ನೆಲ್ಲ ಹಿಡಿಯುವ ಓಬಿಎಸ್ ಚಾನೆಲ್) ಮತ್ತೆ ಹಿಡಿದು ಕಳಿಸುತ್ತದೆ. ಅದನ್ನು ಮ್ಯೂಟ್ ಮಾಡಿ. ಪಂದ್ಯಕ್ಕೆ ಕಂಪ್ಯೂಟರಿನ ಟಿಂಗ್ ಟಿಂಗ್ ಸದ್ದು ಯಾರಿಗೆ ಬೇಕು, ಅಲ್ವಾ?

ಮೈದಾನದ ಸೌಂಡ್ ಮಿಕ್ಸರ್‌ನಿಂದ ನೇರವಾಗಿ ಲ್ಯಾಪ್‌ಟಾಪ್‌ನ ಹೆಡ್‌ಸೆಟ್ ಜ್ಯಾಕಿಗೆ ವೈರ್ ಹಾಕಿದ್ದರೆ ಅದು ಬೇರೆಯೇ ತಲೆನೋವು. ಆ ಜ್ಯಾಕ್ ಕಾಯುವುದು ಮೈಕ್‌ನ ಸಣ್ಣ ಸಿಗ್ನಲ್‌ಗೆ. ಮಿಕ್ಸರ್‌ನ ಲೈನ್ ಔಟ್‌ನಿಂದ ಬರುವ ಸಿಗ್ನಲ್ ಅದಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ದನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಶಬ್ದವನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಕೊಡುವ ಪುಟ್ಟ ಡಬ್ಬಿ) ತಗೊಳ್ಳಿ. ಆಗ ಒಂದೇ ಕಿವಿಯಲ್ಲಿ ಕೇಳಿದರೆ ಅದೇ ಅಡ್ವಾನ್ಸ್‌ಡ್ ಆಡಿಯೊ ಪ್ರಾಪರ್ಟೀಸ್‌ನಲ್ಲಿ 'ಮೋನೋ' ಟಿಕ್ ಮಾಡಿದರೆ ಸಾಕು.

ಕರೆಂಟು ಹೋಗಿ ಜನರೇಟರ್ ಹಾಕಿದಾಗ ಗುಂಯ್ ಅನ್ನುವ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಮಿಕ್ಸರ್ ಮತ್ತು ಲ್ಯಾಪ್‌ಟಾಪ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ (ಇಂಥ ಗುಂಯ್ ಸದ್ದು ತಡೆಯುವ ಪುಟ್ಟ ಸಾಧನ) ಹಾಕಿ.