25 ಅಡಿ ಉದ್ದದ ಆರ್‌ವಿಯಲ್ಲಿ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂಥ ವಾಹನದಲ್ಲಿ) ಗ್ಲೇಸಿಯರ್ ಉದ್ಯಾನಕ್ಕೆ ಹೋಗುವುದಾದರೆ ಯೋಜನೆ ಹೇಗಿರಬೇಕು?

ವಯಸ್ಸಾದ ತಂದೆತಾಯಿ ಮತ್ತು ಇಬ್ಬರು ಮಕ್ಕಳೊಡನೆ ಅಮೆರಿಕದ ಮೊಂಟಾನಾದಲ್ಲಿರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಬಗ್ಗೆ ಕೇಳಿದ್ದೀರಿ. ನಿಮ್ಮ ಇಡೀ ಯೋಜನೆಯನ್ನು ನಿರ್ಧರಿಸುವುದು ವಾಹನದ ಅಳತೆ. ಬೆಟ್ಟಗಳನ್ನು ದಾಟುವ ಗೋಯಿಂಗ್-ಟು-ದ-ಸನ್ ರಸ್ತೆಯಲ್ಲಿ, ಅವಲಾಂಚ್ ಮತ್ತು ರೈಸಿಂಗ್ ಸನ್ ಶಿಬಿರತಾಣಗಳ ನಡುವೆ, ಬಂಪರ್ ಸೇರಿ 21 ಅಡಿಗಿಂತ ಉದ್ದದ ಅಥವಾ ಕನ್ನಡಿಗಳು ಸೇರಿ 8 ಅಡಿಗಿಂತ ಅಗಲದ ವಾಹನಗಳಿಗೆ ಅವಕಾಶವಿಲ್ಲ. 1933ರಲ್ಲಿ ಪೂರ್ಣವಾಗಿ ತೆರೆದ ಈ ರಸ್ತೆಯನ್ನು ಕಡಿದಾದ ಬಂಡೆಯ ಅಂಚಿನಲ್ಲೇ ಕೊರೆದಿರುವುದರಿಂದ ಈ ನಿಯಮ ಅನಿವಾರ್ಯ.

ಆದ್ದರಿಂದ ಆರ್‌ವಿಯನ್ನು ಪಶ್ಚಿಮದ ಆಪ್ಗಾರ್ ಶಿಬಿರತಾಣದಲ್ಲಿ ನಿಲ್ಲಿಸಿ, ಈ ರಸ್ತೆಯ ಅತಿ ಎತ್ತರದ ಜಾಗವಾದ, 6,646 ಅಡಿ ಎತ್ತರದ ಲೋಗನ್ ಪಾಸ್ ಕಣಿವೆದಾರಿಗೆ ಬಾಡಿಗೆ ಕಾರಿನಲ್ಲೋ 1930ರ ದಶಕದ ಕೆಂಪು ಪ್ರವಾಸಿ ಬಸ್ಸಿನಲ್ಲೋ ಹೋಗುವುದು ಒಳ್ಳೆಯದು. ಹಿರಿಯರಿಗೆ ಬಸ್ಸೇ ಹೆಚ್ಚು ಹಿತವೆಂದು ನನ್ನ ಅಭಿಪ್ರಾಯ. ಆರ್‌ವಿಯನ್ನೇ ಪೂರ್ವ ಭಾಗಕ್ಕೆ ಒಯ್ಯಬೇಕಾದರೆ ಉದ್ಯಾನದ ದಕ್ಷಿಣದ ಹೆದ್ದಾರಿ 2ರಲ್ಲಿ ಸುತ್ತಿಕೊಂಡು ಹೋಗಬೇಕು. ಹಿಮ ತೆರವಾಗುವುದು ತಡವಾದ್ದರಿಂದ ಗೋಯಿಂಗ್-ಟು-ದ-ಸನ್ ರಸ್ತೆ ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈನಲ್ಲಿ ಮಾತ್ರ ಪೂರ್ತಿ ತೆರೆಯುತ್ತದೆ.

ಉದ್ಯಾನದೊಳಗಿನ ಶಿಬಿರತಾಣಗಳಲ್ಲಿ ವಾಹನಕ್ಕೆ ವಿದ್ಯುತ್ ಸಂಪರ್ಕವಿಲ್ಲ, ಜನರೇಟರಿಗೂ ಸಮಯದ ಮಿತಿಯಿದೆ. ತಂದೆಯವರೋ ತಾಯಿಯವರೋ ರಾತ್ರಿ ಉಸಿರಾಟದ ಯಂತ್ರ ಬಳಸುವವರಾಗಿದ್ದರೆ, ದಯವಿಟ್ಟು ಉದ್ಯಾನದ ಹೊರಗಿನ ಖಾಸಗಿ ಆರ್‌ವಿ ತಾಣವನ್ನೇ ಕಾಯ್ದಿರಿಸಿ.

ಇದು ಗ್ರಿಜ್ಲಿ ಕರಡಿಗಳ ನಾಡು; ವಾಸನೆ ಹಿಡಿದು ಅವು ಹತ್ತಿರ ಬರಬಹುದು. ಅಡುಗೆ ಹೊರಗೆ ಮಾಡಿದರೂ ಒಗ್ಗರಣೆಯ ಬಾಣಲೆ, ಉಪ್ಪಿನಕಾಯಿ, ಮಕ್ಕಳ ಟೂತ್‌ಪೇಸ್ಟ್ ಎಲ್ಲವನ್ನೂ ಬಳಸಿದ ಕೂಡಲೇ ವಾಹನದೊಳಗಿಟ್ಟು ಬಾಗಿಲು ಹಾಕಿ, ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಚೆಲ್ಲದೆ ಅದಕ್ಕೆಂದೇ ಇರುವ ಸ್ಥಳದಲ್ಲಿ ಸುರಿಯಿರಿ.