ಅತ್ತೆಗೆ 32 ಇಂಚು, ಸೊಸೆಗೆ 35

ಪ್ರಶ್ನೆ: ನಾನು ಮೈಸೂರಿನಲ್ಲಿ ಹಳೆಯ ಮನೆಗಳ ನವೀಕರಣದ ಗುತ್ತಿಗೆ ಹಿಡಿಯುತ್ತೇನೆ. ಈಗ ಕೆಲಸ ನಡೆಯುತ್ತಿರುವುದು 1988ರಲ್ಲಿ ಕಟ್ಟಿದ ಮನೆ. ಮನೆ ಇರುವುದು ತಾಯಿಯ ಹೆಸರಿನಲ್ಲಿ. ಎಸ್ಟಿಮೇಟಿಗೆ ಸಹಿ ಹಾಕಿ ಹಣ ಕೊಡುತ್ತಿರುವವರು ಮಗ. ದಿನವೂ ನಿಂತು ಕೆಲಸ ಮಾಡಿಸುವವರು ಸೊಸೆ. ತಾಯಿ ಹೇಳಿದಂತೆ ಅಡುಗೆ ಕಟ್ಟೆಯನ್ನು 32 ಇಂಚಿಗೆ ಕಟ್ಟಿದೆ. ಸೊಸೆ 35 ಬೇಕೆಂದಾಗ ಕಿತ್ತು ಏರಿಸಿದೆ. ಕೀಳುವಾಗ ಗ್ರಾನೈಟ್ ಒಡೆಯಿತು. ಈಗ ತಾಯಿ ಮತ್ತೆ ಇಳಿಸಲು ಹೇಳುತ್ತಿದ್ದಾರೆ, ಮಗ ಹೆಚ್ಚಿನ ಹಣ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಇದರ ಜೊತೆಗೆ ಹಾಲ್ ಮತ್ತು ದೇವರ ಮನೆಯ ನಡುವಿನ ಗೋಡೆಯನ್ನು ಒಡೆಯಿರಿ ಎಂದು ಮಗ, ಮುಟ್ಟಬೇಡಿ ಎಂದು ತಾಯಿ. ನಾನು ಯಾರ ಮಾತು ಕೇಳಬೇಕು?
– ಹೆಸರು ಬೇಡ, ಮೈಸೂರು

ಉತ್ತರ: ಗೋಡೆಯ ವಿಷಯ ಮೊದಲು ಇತ್ಯರ್ಥವಾಗಲಿ. ಆ ಕಾಲದ ಎಷ್ಟೋ ಮನೆಗಳಲ್ಲಿ ಪಿಲ್ಲರ್ ಇರುವುದಿಲ್ಲ, ತಾರಸಿಯ ಭಾರವನ್ನು ಒಂಬತ್ತು ಇಂಚಿನ ಗೋಡೆಗಳೇ ಹೊತ್ತಿರುತ್ತವೆ. ಗೋಡೆ ನಾಲ್ಕೂವರೆ ಇಂಚಿನದೇ ಆಗಿದ್ದರೂ, ಸ್ಟ್ರಕ್ಚರಲ್ ಎಂಜಿನಿಯರ್ ಸ್ಥಳಕ್ಕೆ ಬಂದು ನೋಡಿ ಬರೆದುಕೊಡುವವರೆಗೆ, ಮೂವರೂ ಒಕ್ಕೊರಲಿನಿಂದ ಹೇಳಿದರೂ ಸುತ್ತಿಗೆ ಎತ್ತಬೇಡಿ. ಎಂಜಿನಿಯರ್ ಒಪ್ಪಿದ ಮೇಲೂ ತಾಯಿಯ ಲಿಖಿತ ಒಪ್ಪಿಗೆ ಬೇಕು. ಹಣ ಮಗನದಾದರೂ ಗೋಡೆ ಅವರದು.

ಇನ್ನು ಹಣದ ಮಾತು. ನಿಮ್ಮ ಕರಾರು ಇರುವುದು ಸಹಿ ಹಾಕಿದ ಮಗನೊಡನೆ. ಉಳಿದವರ ಮಾತಿಗೆ ಅವರು ಹೊಣೆಯಾಗಬೇಕಾದರೆ, ‘ಮನೆಯವರು ಹೇಳಿದಂತೆ ಮಾಡಿ’ ಎಂದು ಅವರೇ ಹೇಳಿರಬೇಕು, ಇಲ್ಲವೇ ನೀವು ಹಾಗೆ ನಂಬುವಂತೆ ನಡೆದುಕೊಂಡಿರಬೇಕು. ಅಂಥ ಮಾತೇನಾದರೂ ವಾಟ್ಸ್‌ಆ್ಯಪ್‌ನಲ್ಲಿ ಇದೆಯೇ ಹುಡುಕಿ. ಪುಕ್ಕಟೆಯಾಗಿ ಮಾಡದ ಕೆಲಸದ ಪ್ರಯೋಜನ ಪಡೆದವರು ಅದಕ್ಕೆ ಪರಿಹಾರ ಕೊಡಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ ನಿಜ. ಆದರೆ ಕಟ್ಟಿ ಕೆಡವಿದ ಕಟ್ಟೆಯಿಂದ ತಮಗಾದ ಪ್ರಯೋಜನವೇನೆಂದು ಅವರು ಕೇಳದೆ ಇರುವುದಿಲ್ಲ. ಸಹಿ ಹಾಕಿದವರನ್ನು ಒಂದು ಮಾತು ಕೇಳದೆ ಕಿತ್ತದ್ದು ನಿಮ್ಮ ತಪ್ಪು. ಒಡೆದ ಗ್ರಾನೈಟಿನ ಬೆಲೆಯನ್ನು ನೀವು ಹೊತ್ತುಕೊಂಡು, ಎರಡನೆಯ ಸಲದ ಕೂಲಿ ಮತ್ತು ಸಿಮೆಂಟಿನ ಹಣವನ್ನು ಮಾತ್ರ ಕೇಳುವುದು ನ್ಯಾಯವೆಂದು ನನಗೆ ತೋರುತ್ತದೆ.

ಕಟ್ಟೆಯ ಜಗಳಕ್ಕೆ ನೀವು ನ್ಯಾಯ ಹೇಳಲು ಹೋಗಬೇಡಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲೂ ಬೇಡಿ. ಇಂಚಿನ ಲೆಕ್ಕದಲ್ಲಿ ಮಾತನಾಡುವ ಬಹಳಷ್ಟು ಮಂದಿಗೆ ಆ ಇಂಚು ಕಣ್ಣಿಗೆ ಕಟ್ಟುವುದಿಲ್ಲ. ಎರಡು ಕಡೆ ಇಟ್ಟಿಗೆ ಪೇರಿಸಿ, ಮೇಲೆ ಸೆಂಟ್ರಿಂಗ್ ಹಲಗೆ ಇಟ್ಟು, ಒಮ್ಮೆ 32ಕ್ಕೆ, ಒಮ್ಮೆ 35ಕ್ಕೆ ಅತ್ತೆ ಸೊಸೆ ಇಬ್ಬರೂ ನಿಂತು ಚಪಾತಿ ಲಟ್ಟಿಸಿ ನೋಡಲಿ. ಅಳತೆಯನ್ನು ಯಾವ ನೆಲದಿಂದ ಹಿಡಿದಿರಿ ಎಂಬುದೂ ಮುಖ್ಯ: ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೆ ಗಾರೆ ಹಾಕಿ ಟೈಲ್ಸ್ ಕೂರಿಸಿದರೆ ನೆಲ ಎರಡು ಇಂಚು ಏರಬಹುದು, ಆಗ ನೀವು ಕಟ್ಟಿದ 32 ಇಂಚು 30 ಆಗುತ್ತದೆ. ಇಬ್ಬರೂ ಪಟ್ಟು ಬಿಡದಿದ್ದರೆ, ಒಲೆಯ ಎತ್ತರವೂ ಸೇರುವ ಕಡೆ 32, ಸಿಂಕ್ ಮತ್ತು ತರಕಾರಿ ಹೆಚ್ಚುವ ಕಡೆ 35 ಇಟ್ಟು ಎರಡು ಮಟ್ಟದ ಕಟ್ಟೆ ಕಟ್ಟಬಹುದೆಂದು ಸೂಚಿಸಿ.

ನಾಳೆಯೇ ಕಾರ್ಬನ್ ಇಟ್ಟು ಬರೆಯುವ ಡೂಪ್ಲಿಕೇಟ್ ಪುಸ್ತಕವೊಂದನ್ನು ತನ್ನಿ. ‘ಅಡುಗೆ ಕಟ್ಟೆ, ಟೈಲ್ಸ್ ಹಾಕಿದ ನೆಲದಿಂದ 35 ಇಂಚು, ಹೆಚ್ಚುವರಿ ಹಣ ಇಷ್ಟು, ಹೆಚ್ಚುವರಿ ದಿನ ಎರಡು’ ಎಂದು ತಾರೀಖು ಹಾಕಿ ಬರೆದು, ಮಗನ ಸಹಿ ಬಿದ್ದ ಮೇಲೆಯೇ ಬದಲಾವಣೆಗೆ ಕೈ ಹಾಕಿ. ಮೊತ್ತ ಕಿವಿಗೆ ಬಿದ್ದೊಡನೆ ಎಷ್ಟೋ ಬದಲಾವಣೆಗಳು ತಾವಾಗಿಯೇ ಬೇಡವಾಗುವುದೂ ಉಂಟು. ಸೊಸೆ ಅವಸರಪಡಿಸಿದರೆ, ‘ಸಂಜೆ ಸಾರ್ ಬರಲಿ ಮೇಡಂ, ಪುಸ್ತಕದಲ್ಲಿ ಬರೆಸಿಯೇ ಮಾಡೋಣ’ ಎಂದರೆ ಯಾರಿಗೂ ಅಗೌರವವಾಗುವುದಿಲ್ಲ.

ತೀರ್ಮಾನ ಬರುವವರೆಗೆ ಆಳುಗಳನ್ನು ತಕರಾರಿಲ್ಲದ ಬಚ್ಚಲುಮನೆಯ ಪೈಪಿನ ಕೆಲಸಕ್ಕೋ ಪ್ಲಾಸ್ಟರಿಂಗಿಗೋ ಹಚ್ಚಿ. ಅಂಥ ಕೆಲಸವೂ ಉಳಿದಿಲ್ಲವಾದರೆ, ಕೆಲಸ ನಿಲ್ಲಿಸಿದ ದಿನಾಂಕವನ್ನೂ ಕಾರಣವನ್ನೂ ಅಂದೇ ಮಗನಿಗೆ ಬರೆದು ಕಳುಹಿಸಿ.