ಬ್ರೌಸರ್ ಬದಲಾಯಿಸಿದರೂ ಜಾಹೀರಾತು ಯಾಕೆ ಬೆನ್ನು ಬಿಡ್ತಿಲ್ಲ?

ಮೈಸೂರು, ಮಂಡ್ಯ ಕಡೆಯಿಂದ ಬ್ರೌಸರ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ನಾಲ್ಕೈದು ಮತ್ತೆ ಮತ್ತೆ ಅವೇ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಕುಕಿ ಅಂದರೆ ವೆಬ್‌ಸೈಟು ನಿಮ್ಮನ್ನು ಗುರುತಿಸಲು ಬ್ರೌಸರಿನಲ್ಲಿ ಇಡುವ ಸಣ್ಣ ಚೀಟಿ, ಅಷ್ಟು ಗೊತ್ತಿದ್ದರೆ ಸಾಕು, ಅದಕ್ಕಿಂತ ಹಿಂದಿನಿಂದ ನಾನು ಶುರು ಮಾಡುವುದಿಲ್ಲ.

ಪ್ರಶ್ನೆ: ಕ್ರೋಮ್ ಬಿಟ್ಟು ಬ್ರೇವ್ ಹಾಕಿಕೊಂಡು ಎರಡು ತಿಂಗಳಾಯಿತು ಸರ್. ಬೋಗಾದಿ ಕಡೆ ನಿವೇಶನ ಹುಡುಕಿದ್ದೆ. ಇವತ್ತಿಗೂ ಫೇಸ್‌ಬುಕ್ ತೆಗೆದರೆ ಬರೀ ಲೇಔಟ್ ಜಾಹೀರಾತು. ಬ್ರೇವ್ ಮೋಸವಾ? ಇನ್ನೂ ಗಟ್ಟಿಯಾದ ಬ್ರೌಸರ್ ಯಾವುದು?

ಉತ್ತರ: ಬ್ರೇವ್ ಮೋಸ ಅಲ್ಲ. ಜಾಹೀರಾತು ಕಾಣಿಸಿದ್ದು ಎಲ್ಲಿ? ಫೋನಿನ ಫೇಸ್‌ಬುಕ್ ಆ್ಯಪ್‌ನಲ್ಲಿ ಅಲ್ವಾ? ಅಲ್ಲಿ ಬ್ರೌಸರಿನ ಕೈ ನಡೆಯುವುದಿಲ್ಲ. ಇನ್ನು ಜಿಮೇಲ್‌ಗೆ ಲಾಗಿನ್ ಆಗಿ ಗೂಗಲ್‌ನಲ್ಲೇ ಹುಡುಕಿದ್ದರೆ, ನಿಮ್ಮ ಹೆಸರನ್ನು ನೀವೇ ಹೇಳಿ ಒಳಗೆ ಹೋದ ಹಾಗೆ. ರೇಟು ತಿಳಿಯಲು ಲೇಔಟಿನವರ ಫಾರ್ಮಿನಲ್ಲಿ ಮೊಬೈಲ್ ನಂಬರ್ ಬರೆದಿರಾ? ಜಾಹೀರಾತು ಕೊಡುವವರು ತಮ್ಮ ಹತ್ತಿರ ಇರುವ ನಂಬರುಗಳ ಪಟ್ಟಿಯನ್ನು ಫೇಸ್‌ಬುಕ್‌ಗೆ ಕೊಟ್ಟು, ಇವರಿಗೇ ತೋರಿಸಿ ಅನ್ನಬಹುದು. ಇದನ್ನು ತಡೆಯುವ ಬ್ರೌಸರ್ ಇಲ್ಲ.

ಹಾಗಾದರೆ ಬ್ರೌಸರ್ ತಡೆಯುವುದು ಏನನ್ನು? ನಿಮಗೆ ಗೊತ್ತಿಲ್ಲದೆ ಹಿಂದೆ ಬರುವವರನ್ನು. ಒಂದು ಸುದ್ದಿ ಪುಟ ತೆರೆದರೆ ಅದರ ಜೊತೆ ಬೇರೆ ಬೇರೆ ಕಂಪನಿಗಳ ಟ್ರ್ಯಾಕರ್‌ಗಳೂ ಬರುತ್ತವೆ. ಬ್ರೇವ್ ಅವನ್ನು ಮೊದಲಿನಿಂದಲೇ ತಡೆಯುತ್ತದೆ. ಫೈರ್‌ಫಾಕ್ಸ್ 2022ರಿಂದ ಒಂದೊಂದು ವೆಬ್‌ಸೈಟಿನ ಕುಕಿಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ, ಒಂದರದ್ದು ಇನ್ನೊಂದಕ್ಕೆ ಸಿಗುವುದಿಲ್ಲ.

ನಾನು ಮನೆಯವರಿಗೆ ಹಾಕಿಕೊಟ್ಟಿರುವುದು ಫೈರ್‌ಫಾಕ್ಸ್, ಅದಕ್ಕೆ ಯುಬ್ಲಾಕ್ ಒರಿಜಿನ್ ಅನ್ನುವ, ಜಾಹೀರಾತು ಮತ್ತು ಟ್ರ್ಯಾಕರ್ ತಡೆಯುವ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಸಣ್ಣ ಪ್ರೋಗ್ರಾಂ). ಗೂಗಲ್ ಎಕ್ಸ್‌ಟೆನ್ಷನ್ ನಿಯಮ ಬದಲಾಯಿಸಿದ ಮೇಲೆ ಕ್ರೋಮ್‌ನಲ್ಲಿ ಅದು ನಡೆಯುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತದೆ, ಆಂಡ್ರಾಯ್ಡ್ ಫೋನಿನಲ್ಲೂ. ಬ್ರೇವ್ ಇಷ್ಟವಾದರೆ ಅದೇ ಇರಲಿ. ಆದರೆ ಎರಡು ಬ್ರೌಸರ್ ಇಟ್ಟುಕೊಳ್ಳಿ. ಬ್ಯಾಂಕು, ಮೇಲ್, ಲಾಗಿನ್ ಬೇಕಾದ್ದೆಲ್ಲ ಒಂದರಲ್ಲಿ, ಹುಡುಕುವುದು, ಓದುವುದು ಇನ್ನೊಂದರಲ್ಲಿ, ಆ ಎರಡನೆಯದರಲ್ಲಿ ಒಂದು ಸಲವೂ ಲಾಗಿನ್ ಆಗಬೇಡಿ, ಅದರ ಸರ್ಚ್ ಕೂಡ ಗೂಗಲ್ ಬದಲು ಡಕ್‌ಡಕ್‌ಗೋ ಮಾಡಿಕೊಳ್ಳಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ವರ್ಟೈಸಿಂಗ್ ಐಡಿ (ಜಾಹೀರಾತಿಗಾಗಿ ಆ್ಯಪ್‌ಗಳು ನಿಮ್ಮ ಫೋನನ್ನು ಗುರುತಿಸುವ ಸಂಖ್ಯೆ) ಅಳಿಸಿ. ಇಷ್ಟು ಮಾಡಿದರೆ ಸುಮಾರು ಕಾಟ ಕಮ್ಮಿಯಾಗುತ್ತದೆ.

ಇನ್ನೂ ಗಟ್ಟಿಯಾದ್ದು ಬೇಕೇ ಬೇಕು ಅಂದರೆ ಫೈರ್‌ಫಾಕ್ಸನ್ನೇ ಬಿಗಿ ಮಾಡಿದ ಲಿಬ್ರೆವುಲ್ಫ್ ಇದೆ, 2023ರಲ್ಲಿ ಟಾರ್‌ನವರು (ಸಂಪರ್ಕವನ್ನು ಬೇರೆ ಬೇರೆ ದೇಶದ ಕಂಪ್ಯೂಟರ್‌ಗಳ ಮೂಲಕ ಸುತ್ತಿಸಿ ಗುರುತು ಮರೆಮಾಡುವ ಬ್ರೌಸರಿನವರು) ಸೇರಿ ಮಾಡಿದ ಮುಲ್ವಾಡ್ ಬ್ರೌಸರ್ ಇದೆ. ನನಗೆ ಭಯ ಬೇರೆ. ಅಪ್‌ಡೇಟ್ ಆಗದ ಬ್ರೌಸರಿನಲ್ಲಿ ವ್ಯವಹಾರ ಮಾಡುವುದು ಜಾಹೀರಾತಿಗಿಂತ ದೊಡ್ಡ ಅಪಾಯ, ಅದಕ್ಕೇ ಲಿಬ್ರೆವುಲ್ಫ್ ಹಾಕುವವರು ಅಪ್‌ಡೇಟ್ ಹೇಗೆ ಅಂತ ಮೊದಲು ನೋಡಿಕೊಳ್ಳಿ. ಮುಲ್ವಾಡ್ ಕೆಲಸ ಮಾಡುವುದೇ ಅದನ್ನು ಬಳಸುವವರೆಲ್ಲ ಒಂದೇ ಥರ ಕಾಣುವಂತೆ ಮಾಡಿ. ಅದಕ್ಕೆ ಹತ್ತು ಎಕ್ಸ್‌ಟೆನ್ಷನ್ ಸೇರಿಸಿದರೆ ಗುಂಪಿನಲ್ಲಿ ನೀವೊಬ್ಬರೇ ಎದ್ದು ಕಾಣುತ್ತೀರಿ.

ಒಂದು ಮಾತು ಸಿಟ್ಟಿನಿಂದಲೇ ಹೇಳುತ್ತೇನೆ. ನಮ್ಮ ಸಂಬಂಧಿಕರೊಬ್ಬರ ಲ್ಯಾಪ್‌ಟಾಪಿಗೆ ರಿಪೇರಿ ಅಂಗಡಿಯವರು ‘ಪ್ರೈವೆಸಿ ಬ್ರೌಸರ್’ ಅಂತ ದುಡ್ಡು ಇಸ್ಕೊಂಡು ಏನೋ ಹಾಕಿಕೊಟ್ಟಿದ್ದರು. ಒಳಗೆ ನಾಲ್ಕು ಎಕ್ಸ್‌ಟೆನ್ಷನ್, ನಾಲ್ಕಕ್ಕೂ ನೀವು ನೋಡುವ ಪ್ರತಿಯೊಂದು ಪುಟವನ್ನು ಓದುವ ಅನುಮತಿ! ನಾನು ಮೇಲೆ ಹೇಳಿದ ಎಲ್ಲ ಬ್ರೌಸರೂ ಉಚಿತ. ತಯಾರಿಸಿದವರ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ, ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಪ್ರಶ್ನೆ: ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ಸಾಕಲ್ವಾ?

ಉತ್ತರ: ಸಾಲದು. ಅದು ನಿಮ್ಮ ಮನೆಯವರಿಗೆ ಹಿಸ್ಟರಿ ಕಾಣದ ಹಾಗೆ ಮಾಡುತ್ತದೆ, ಅಷ್ಟೇ. ಇನ್‌ಕಾಗ್ನಿಟೊದಲ್ಲೂ ಮಾಹಿತಿ ಸಂಗ್ರಹಿಸುತ್ತದೆ ಅಂತ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಬಿತ್ತು, 2024ರಲ್ಲಿ ಗೂಗಲ್ ರಾಶಿ ರಾಶಿ ದಾಖಲೆ ಅಳಿಸಲು ಒಪ್ಪಿಕೊಂಡಿತು.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಹೇಳಿದ ಉಚಿತ ವಿಪಿಎನ್ ಹಾಕಲಾ?

ಉತ್ತರ: ಬೇಡ. ವಿಪಿಎನ್ ಅಂದರೆ ನಿಮ್ಮ ಇಂಟರ್ನೆಟ್ ಓಡಾಟವನ್ನೆಲ್ಲ ತನ್ನ ಸರ್ವರ್ ಮೂಲಕ ಕಳಿಸುವ ಆ್ಯಪ್. ಕಾಪಾಡುತ್ತೇವೆ ಅಂದ ಅವಾಸ್ಟ್ ಆ್ಯಂಟಿವೈರಸ್ಸೇ ಜನರ ಬ್ರೌಸಿಂಗ್ ಮಾಹಿತಿ ಮಾರಿದ್ದಕ್ಕೆ 2024ರಲ್ಲಿ 1 ಕೋಟಿ 65 ಲಕ್ಷ ಡಾಲರ್ ತೆರಬೇಕಾಯಿತು. ಊರು ಹೆಸರು ಗೊತ್ತಿಲ್ಲದ ಆ್ಯಪನ್ನು ಸುಮ್ನೆ ಹೇಗೆ ನಂಬುತ್ತೀರಿ?

ಪ್ರಶ್ನೆ: ಟಾರ್‌ನಲ್ಲಿ ಬ್ಯಾಂಕ್ ಕೆಲಸ ಮಾಡಬಹುದಾ?

ಉತ್ತರ: ಬೇಡ. ಬ್ಯಾಂಕಿಗೆ ನೀವು ಯಾರು ಅಂತ ಗೊತ್ತೇ ಇದೆ, ಬೇರೆ ದೇಶದಿಂದ ಲಾಗಿನ್ ಬಂತು ಅಂತ ಖಾತೆ ತಡೆಹಿಡಿಯಬಹುದು.

ಪ್ರಶ್ನೆ: ಐಫೋನಿಗೆ ಯಾವುದು?

ಉತ್ತರ: ನಮ್ಮಲ್ಲಿ ಯಾವುದು ಹಾಕಿದರೂ ಪುಟ ತೋರಿಸುವ ಒಳಗಿನ ಎಂಜಿನ್ ಆಪಲ್‌ನದೇ. ಸಫಾರಿಯೇ ಇರಲಿ.

ಪ್ರಶ್ನೆ: ಯುಸಿ ಬ್ರೌಸರ್ ಎಪಿಕೆ (ಆ್ಯಪ್ ಹಾಕುವ ಫೈಲ್) ಸಿಕ್ಕಿದೆ, ಹಾಕಲಾ?

ಉತ್ತರ: ಸರ್ಕಾರ ಅದನ್ನು 2020ರ ಜೂನ್‌ನಲ್ಲೇ ನಿಷೇಧಿಸಿದೆ. ಆ ಫೈಲ್ ತೆರೆಯದೆ ಈಗಲೇ ಅಳಿಸಿ.